ಸಹಾಯ ಬೇಕು: ಕುದುರೆಯ ಗರ್ಭಕೋಶದ ಸಂದೇಶ ಅಂಡಾಶಯಕ್ಕೆ ತಲುಪುವುದು ಹೇಗೆ?

ಪಶುವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದು, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಗಿನಿ ಹಂದಿಯ ಗರ್ಭಕೋಶವನ್ನು ತೆಗೆದರೆ ಅಂಡಾಶಯದ ಕಾರ್ಪಸ್ ಲೂಟಿಯಂ (ಅಂಡ ಬಿಡುಗಡೆಯಾದ ಜಾಗದಲ್ಲಿ ಬೆಳೆಯುವ ತಾತ್ಕಾಲಿಕ ಗ್ರಂಥಿ) ಬಹುಕಾಲ ಉಳಿಯುತ್ತದೆಂದು ವಿಜ್ಞಾನಿ ಲಿಯೋ ಲೋಬ್ 1923ರಲ್ಲೇ ತೋರಿಸಿದ್ದರು. ಹಸು, ಕುರಿಗಳಲ್ಲಿ ಗರ್ಭಕೋಶ ಸ್ರವಿಸುವ ಪ್ರೊಸ್ಟಗ್ಲಾಂಡಿನ್ ಎಫ್2 ಆಲ್ಫಾ ಎಂಬ ಸಂದೇಶವಾಹಕ ರಾಸಾಯನಿಕ, ಗರ್ಭಕೋಶದ ಅಭಿಧಮನಿಯಿಂದ ಅದಕ್ಕೆ ಅಂಟಿಕೊಂಡೇ ಸಾಗುವ ಅಂಡಾಶಯದ ಅಪಧಮನಿಗೆ ನೇರವಾಗಿ ದಾಟಿ, ಆ ಬದಿಯ ಕಾರ್ಪಸ್ ಲೂಟಿಯಂ ಅನ್ನು ಕರಗಿಸುತ್ತದೆ. ಇದು ನಿಜಕ್ಕೂ ಅದ್ಭುತವಾದ ಏರ್ಪಾಡು. ಆದರೆ ಕುದುರೆಯಲ್ಲಿ ಈ ನೇರ ದಾರಿ ಇಲ್ಲದಿರುವುದರಿಂದ ಪ್ರೊಸ್ಟಗ್ಲಾಂಡಿನ್ ಇಡೀ ದೇಹದ ರಕ್ತಪರಿಚಲನೆಯಲ್ಲಿ ಶ್ವಾಸಕೋಶವನ್ನು ಹಾದೇ ಬರಬೇಕು, ಕುರಿಯಲ್ಲಾದರೋ ಶ್ವಾಸಕೋಶ ಒಂದೇ ಸುತ್ತಿನಲ್ಲಿ ಅದರ ಬಹುಪಾಲನ್ನು ನಾಶಮಾಡುತ್ತದೆ. ಹಾಗಿದ್ದರೆ ಕುದುರೆಯಲ್ಲಿ ಅದು ಅಂಡಾಶಯ ತಲುಪಿ ಕೆಲಸ ಮಾಡುವುದು ಹೇಗೆ? ಪಠ್ಯಪುಸ್ತಕಗಳನ್ನು ನೋಡಿದೆ, ಹಿರಿಯರನ್ನೂ ಕೇಳಿದೆ. ಕುದುರೆಯಲ್ಲಿ ಆ ನಾಶ ನಿಧಾನವೆಂದು ಕೆಲವರು, ಅದರ ಕಾರ್ಪಸ್ ಲೂಟಿಯಂ ಹೆಚ್ಚು ಸಂವೇದನಾಶೀಲವೆಂದು ಕೆಲವರು ಹೇಳುತ್ತಾರೆ. ಇವೆರಡರಲ್ಲಿ ಮುಖ್ಯ ಕಾರಣ ಯಾವುದು, ಅಥವಾ ಎರಡೂ ಸೇರಿಯೇ ಕೆಲಸ ಮಾಡುತ್ತವೆಯೇ? ಬಲ್ಲವರು ದಯವಿಟ್ಟು ತಿಳಿಸಿ.