ಸೆಕೆಂಡ್ ಪಿಯುಸಿ ಸ್ಟ್ಯಾಟಿಸ್ಟಿಕ್ಸ್: ಮಗಳಿಗೆ ಅಭ್ಯಾಸ ಮಾಡಿಸುವುದು ಹೇಗೆ?

ಕಾಪು ಅಂಗಡಿಯವ:

ಎಲ್ಲರಿಗೂ ನಮಸ್ಕಾರ. ಕಾಪುವಿನಲ್ಲಿ ನನ್ನದೊಂದು ಜಿನಸಿನ ಅಂಗಡಿ ಉಂಟು. ತೆಂಗಿನಕಾಯಿ ವ್ಯಾಪಾರವೂ ಇದೆ. ಮಗಳು ಉಡುಪಿಯಲ್ಲಿ ಸೆಕೆಂಡ್ ಪಿಯುಸಿ ಕಾಮರ್ಸ್, ಸೆಬಾ (ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ತೆಗೆದುಕೊಂಡಿದ್ದಾಳೆ. ಅಕೌಂಟೆನ್ಸಿಯಲ್ಲಿ ಗಟ್ಟಿ. ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ತೆರೆದರೆ ಮಾತ್ರ ಮುಖ ಸಣ್ಣದಾಗುತ್ತದೆ.

ಸೂತ್ರಗಳೆಲ್ಲ ಬಾಯಿಪಾಠ. ಲೆಕ್ಕ ಓದಿದ ಕೂಡಲೇ ನನ್ನ ಹತ್ತಿರ ಬರುತ್ತಾಳೆ. "ಅಪ್ಪ, ಇದಕ್ಕೆ ಪಿ ಹಾಕುವುದಾ, ಸಿ ಹಾಕುವುದಾ?" ನಾನು ಕನ್ನಡ ಮೀಡಿಯಂನಲ್ಲಿ ಹತ್ತನೆಯವರೆಗೆ ಓದಿದವ. ಪಿ ಅಂದರೆ ಕ್ರಮಯೋಜನೆ, ಸಿ ಅಂದರೆ ವಿಕಲ್ಪ ಎಂಬ ಹೆಸರು ನೆನಪಿದೆ, ಅಷ್ಟೇ. ಈಗ ನಾರ್ಮಲ್ ಡಿಸ್ಟ್ರಿಬ್ಯೂಷನ್ ಶುರುವಾಗಿದೆ. ಗಂಟೆಯ ಹಾಗೆ ಒಂದು ಗೆರೆ, ಹಿಂದಿನ ಪುಟದಲ್ಲಿ ಒಂದು ಟೇಬಲ್. "ಈ ಗಂಟೆ ಎಲ್ಲಿಂದ ಬಂತು?" ಎಂದು ಮೊನ್ನೆ ಕೇಳಿದಳು. ನನಗೆ ಗೊತ್ತಿರುವುದು ದೇವಸ್ಥಾನದ ಗಂಟೆ ಮಾತ್ರ.

ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅವಳಿಗೆ ದಿನಕ್ಕೆ ಒಂದೂವರೆ ಗಂಟೆ ಹೋಗುತ್ತದೆ. ರಾತ್ರಿ ಕುಳಿತು ಐವತ್ತು ಲೆಕ್ಕ ಮಾಡು ಅನ್ನಲು ನನಗೂ ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಬಿಕರ್ನಕಟ್ಟೆ ಹುಡುಗ:

ಅಣ್ಣ, ಹಳೆಯ ಪ್ರಶ್ನೆಪತ್ರಿಕೆ ತಂದು ಬಿಡಿಸಲು ಹೇಳಿ. ಒಂದೇ ಥರದ ಲೆಕ್ಕ ಸಂಖ್ಯೆ ಬದಲಿಸಿಕೊಂಡು ಬರುತ್ತದೆ. ಗಂಟೆ ಎಲ್ಲಿಂದ ಬಂತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ನಿವೃತ್ತ ಮಾಷ್ಟ್ರು, ಮಂಗಳೂರು:

ಪರೀಕ್ಷೆಯಲ್ಲಿ ಕೇಳುವುದಿಲ್ಲ, ನಿಜ. ಆದರೆ ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಮಾರಾಯ್ರೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅದನ್ನು ಕೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು.

ಮೊದಲು ಪಿ, ಸಿ ಜಗಳ ಮುಗಿಸುವ. ಆರಿಸಿದವರಲ್ಲಿ ಇಬ್ಬರನ್ನು ಅದಲುಬದಲು ಮಾಡಿ ನೋಡಲಿ. ಸಂಗತಿ ಬೇರೆಯಾದರೆ ಪಿ, ಆಗದಿದ್ದರೆ ಸಿ. ಮಾರ್ನೆಮಿಗೆ ಆರು ಹುಡುಗರು ಹುಲಿವೇಷ ಹಾಕಿದ್ದಾರೆ. ನಿಮ್ಮ ಅಂಗಡಿ ಎದುರು ಕುಣಿಯಲು ಮೂವರನ್ನು ಕಳಿಸಬೇಕು. ಯಾರ ಹೆಸರು ಮೊದಲು ಕರೆದರೂ ಅದೇ ಮೂರು ಹುಲಿ. 20 ಬಗೆ. ಅದೇ ಆರು ಜನರಿಗೆ ಮೊದಲನೆಯ, ಎರಡನೆಯ, ಮೂರನೆಯ ಬಹುಮಾನ ಕೊಡುವುದಾದರೆ? ಅದಲುಬದಲು ಮಾಡಿದರೆ ಗಲಾಟೆಯೇ ಆಗುತ್ತದೆ. 6×5×4, ಅಂದರೆ 120 ಬಗೆ. 120ಕ್ಕೂ 20ಕ್ಕೂ ಇರುವ ಆರು ಪಟ್ಟು ಎಲ್ಲಿಂದ ಬಂತು ಎಂದು ಅವಳೇ ಯೋಚಿಸಲಿ. ಹೇಳಿಕೊಡಬೇಡಿ.

ಈಗ ಬಸ್ಸು. ಕಾಪುವಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಎಷ್ಟು ನಂಬರ್ ಪ್ಲೇಟ್ ಕಾಣುತ್ತದೆ! ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರು ಎಲ್ಲರನ್ನೂ ಹಿಂದೆ ಹಾಕಿಯೇ ಹೋಗುವುದರಿಂದ ಗಾಡಿಗಳಿಗೆ ಬರವಿಲ್ಲ. ಕೆಎ 19, ಕೆಎ 20 ಎಲ್ಲ ಬಿಡಿ, ಕೊನೆಯ ನಾಲ್ಕು ಅಂಕೆ ಮಾತ್ರ ನೋಡಲಿ. ಹಳೆಯ ಗಾಡಿಯಲ್ಲಿ 123 ಎಂದಿದ್ದರೆ 0123 ಎಂದು ಹಿಡಿಯಲಿ. ಪ್ರಶ್ನೆ ಇಷ್ಟೇ: ಯಾವುದಾದರೂ ಅಂಕೆ ಎರಡು ಅಥವಾ ಹೆಚ್ಚು ಸಲ ಬಂದಿದೆಯಾ? 4714ರಲ್ಲಿ ಬಂದಿದೆ, 4713ರಲ್ಲಿ ಇಲ್ಲ.

ಕಣ್ಣಿಗೆ ಅಪರೂಪ ಅನ್ನಿಸುತ್ತದೆ. ಎಣಿಸಿ ನೋಡಿ. ಬಂದಿರುವುದನ್ನು ನೇರವಾಗಿ ಎಣಿಸಲು ಹೋದರೆ ತಲೆ ಕೆಡುತ್ತದೆ. ಬಾರದಿರುವುದನ್ನು ಎಣಿಸಿ ಕಳೆಯುವುದು ಸುಲಭ. ನಾಲ್ಕೂ ಬೇರೆ ಬೇರೆ ಆಗಲು 10×9×8×7, ಅಂದರೆ 5040. 0000 ಎಂಬ ನಂಬರ್ ಯಾರಿಗೂ ಕೊಡುವುದಿಲ್ಲವಾದ್ದರಿಂದ ಒಟ್ಟು 9999. ಉಳಿದದ್ದು 4959. ಭಾಗಿಸಿದರೆ 0.496. ಹೆಚ್ಚು ಕಡಿಮೆ ಅರ್ಧ! ಅಂದರೆ ರಸ್ತೆಯಲ್ಲಿ ಹೋಗುವ ಒಂದೊಂದು ಗಾಡಿಯೂ ಒಂದೊಂದು ನಾಣ್ಯ ಚಿಮ್ಮಿದ ಹಾಗೆ.

ಹಾಗಾಗಿ ಅವಳು 20 ಗಾಡಿಗಳ ಒಂದು ಕಂತು ಮಾಡಲಿ. ಒಂದು ಕಂತಿನಲ್ಲಿ ಅಂಕೆ ಮರುಕಳಿಸಿದ್ದು ಎಷ್ಟು ಎಂದು ಬರೆದುಕೊಳ್ಳಲಿ. ಮನೆಗೆ ಬಂದು ಗ್ರಾಫ್ ಹಾಳೆಯಲ್ಲಿ ಆ ಸಂಖ್ಯೆಯ ಮೇಲೆ ಒಂದು ಚುಕ್ಕಿ. ಮತ್ತೆ ಅದೇ ಸಂಖ್ಯೆ ಬಂದರೆ ಅದರ ತಲೆಯ ಮೇಲೆ ಇನ್ನೊಂದು. ಸರಿಯಾಗಿ 10 ಬರುವುದು ನೂರರಲ್ಲಿ ಸುಮಾರು 18 ಸಲ ಮಾತ್ರ, ಆದರೂ ಬೇರೆ ಯಾವ ಸಂಖ್ಯೆಗೂ ಅಷ್ಟು ಚುಕ್ಕಿ ಬೀಳುವುದಿಲ್ಲ. ನಾಲ್ಕೈದು ವಾರದಲ್ಲಿ ಹಾಳೆಯ ಮೇಲೆ ಗಂಟೆ ಬಂದು ಕುಳಿತಿರುತ್ತದೆ. 1733ರಲ್ಲಿ ದ ಮ್ವಾವ್ರ್ ಎಂಬ ಗಣಿತಜ್ಞ ನಾಣ್ಯ ಚಿಮ್ಮುವ ಲೆಕ್ಕ ಮಾಡುತ್ತಲೇ ಈ ಗೆರೆಯನ್ನು ಕಂಡುಕೊಂಡದ್ದು. ಗೌಸ್ ಹೆಸರು ಅಂಟಿಕೊಂಡಿತು, ಅವರದ್ದು 1809. ನನಗೆ ಈಗಲೂ ಸ್ವಲ್ಪ ಬೇಸರ.

ಇನ್ನು ಅವಳ ಪುಸ್ತಕದ ಲೆಕ್ಕ. ಸರಾಸರಿ 10. ಚುಕ್ಕಿಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಎಂಬುದರ ಅಳತೆ ಪ್ರಮಾಣ ವಿಚಲನೆ, ಅವಳ ಭಾಷೆಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್, 20×½×½ರ ವರ್ಗಮೂಲ, 2.24. ನೂರು ಕಂತಿನಲ್ಲಿ ಎಷ್ಟು 8ರಿಂದ 12ರ ಒಳಗೆ ಬೀಳುತ್ತದೆ? ಗಂಟೆಯ ಯಾವ ಭಾಗಕ್ಕೆ ಎಷ್ಟು ಪಾಲು ಎಂದು ಹೇಳುವ ಆ ಟೇಬಲ್ ನೋಡಿ ಮೊದಲೇ ಬರೆದಿಡಲಿ. ಒಂದು ಕಡೆ ಎಡವುತ್ತಾಳೆ. ಎಡವಲಿ.

ಮಣಿಪಾಲದ ವಿದ್ಯಾರ್ಥಿನಿ:

ಮಾಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಲ್ಲದಕ್ಕೂ ಗಂಟೆ ಬರುವುದಿಲ್ಲ. ನಮ್ಮೂರಿನ ದಿನದಿನದ ಮಳೆ ತೆಗೆದುಕೊಂಡರೆ ವರ್ಷದಲ್ಲಿ ಎಷ್ಟೋ ದಿನ ಸೊನ್ನೆ, ಜೂನ್ ಜುಲೈಯಲ್ಲಿ ಕೆಲವು ದಿನ ಆಕಾಶವೇ ಹರಿದ ಹಾಗೆ. ಎಡಕ್ಕೆ ಗುಡ್ಡೆ, ಬಲಕ್ಕೆ ಉದ್ದ ಬಾಲ. ನನ್ನ ಪ್ರಾಜೆಕ್ಟ್‌ನಲ್ಲಿ ಅದಕ್ಕೆ ನಾರ್ಮಲ್ ಹಾಕಿ ಬೈಸಿಕೊಂಡಿದ್ದೇನೆ.

ಕಾಪು ಅಂಗಡಿಯವ:

ಆರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ನವರಾತ್ರಿ ವ್ಯಾಪಾರ ಜೋರಿತ್ತು.

ಮಾಷ್ಟ್ರೇ, ಎಡವಿದಳು. 8ಕ್ಕೂ 12ಕ್ಕೂ ಝಡ್ (ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ದೂರ ಎಂಬುದು) ತೆಗೆದು ಟೇಬಲ್ ನೋಡಿದಾಗ ನೂರಕ್ಕೆ 63 ಬಂತಂತೆ. ಕಟಪಾಡಿ, ಉದ್ಯಾವರ ಎಂದು ದಿನಾ ಎಣಿಸಿ 84 ಚುಕ್ಕಿ ಆಗಿದೆ. ಅದರಲ್ಲಿ 62 ಒಳಗೆ ಬಿದ್ದಿದೆ, ನೂರಕ್ಕೆ 74ರ ಹತ್ತಿರ. ಎರಡು ದಿನ ಟೇಬಲ್ ತಪ್ಪು ಎಂದು ವಾದ ಮಾಡಿದಳು.

ಇನ್ನೊಂದು ವಿಷಯ. ಒಂದು ಮದುವೆಗೆ ಹೋಗಿದ್ದೆವು. ಹಾಲ್ ಹೊರಗೆ ಸಾಲಾಗಿ ನಿಂತ ಕಾರುಗಳನ್ನೇ ಒಂದು ಕಂತು ಮಾಡಿದಳು. 20ರಲ್ಲಿ 16! ನಾನು ಊಟಕ್ಕೆ ಕರೆಯುತ್ತಿದ್ದೇನೆ, ಇವಳು ಅಲ್ಲೇ ನಿಂತು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದಾಳೆ. 16 ಅಥವಾ ಅದಕ್ಕಿಂತ ಜಾಸ್ತಿ ಬರುವುದು ಸಾವಿರಕ್ಕೆ ಆರು ಸಲವಂತೆ. "ಅಪ್ಪ, ಇದು ಸುಮ್ನೆ ಆದದ್ದಲ್ಲ" ಅಂದಳು. ಆಮೇಲೆ ನೋಡಿದರೆ ಅರ್ಧಕ್ಕರ್ಧ 7777, 9009, 5005, ಹೀಗೆ. ದುಡ್ಡು ಕೊಟ್ಟು ತೆಗೆದುಕೊಂಡ ಫ್ಯಾನ್ಸಿ ನಂಬರ್.

ನಿವೃತ್ತ ಮಾಷ್ಟ್ರು, ಮಂಗಳೂರು:

ಮದುವೆ ಹಾಲಿನ ಲೆಕ್ಕಕ್ಕೆ ನೂರಕ್ಕೆ ನೂರು! ಎಲ್ಲ ನಂಬರಿಗೂ ಸಮಾನ ಅವಕಾಶ ಎಂದು ನಾವು ಹಿಡಿದಿದ್ದೆವಲ್ಲ, ಅದು ಅಲ್ಲಿ ನಡೆಯುವುದಿಲ್ಲ ಎಂದು ತಾನೇ ಕಂಡುಹಿಡಿದಳು. ಆ ಚುಕ್ಕಿಯನ್ನು ಹಾಳೆಗೆ ಸೇರಿಸಬೇಡಿ. ಬದಿಗೆ ಬರೆದಿಡಿ.

ಟೇಬಲ್ ತಪ್ಪಿಲ್ಲ. ಚುಕ್ಕಿಗಳ ಬದಲು ಕಂಬ ಬರೆಯಲಿ. 8ರ ಕಂಬ 8ಕ್ಕೆ ಶುರುವಾಗುವುದಿಲ್ಲ, 7.5ಕ್ಕೆ ಶುರುವಾಗಿ 8.5ಕ್ಕೆ ಮುಗಿಯುತ್ತದೆ. ಅವಳು 8ರಿಂದ 12ರವರೆಗೆ ಅಳೆದು ಎರಡೂ ತುದಿಯ ಕಂಬಗಳನ್ನು ಅರ್ಧಕ್ಕೆ ಕತ್ತರಿಸಿದ್ದಾಳೆ. 7.5ರಿಂದ 12.5 ಹಿಡಿಯಲಿ. ಝಡ್ 1.12 ಬರುತ್ತದೆ, ಉತ್ತರ ನೂರಕ್ಕೆ 74. ಗಾಡಿ ಎಣಿಸುವಾಗ ಈ ಅರ್ಧ ಬೇಕು. ತೂಕ, ಎತ್ತರದಂಥ ಲೆಕ್ಕಕ್ಕೆ ಬೇಡ.

ಕಾಪು ಅಂಗಡಿಯವ:

ತೂಕ ಅಂದಿರಲ್ಲ, ಅದೇ ಈಗಿನ ತಲೆನೋವು. ಅಂಗಡಿಯ ತೆಂಗಿನಕಾಯಿ ಒಂದೊಂದಾಗಿ ತೂಗಲು ಕುಳಿತಿದ್ದಾಳೆ. ಗಿರಾಕಿ ಕಾಯುತ್ತಾ ನಿಂತಿರುತ್ತಾರೆ, ತಕ್ಕಡಿ ಇವಳ ಕೈಯಲ್ಲಿ. ನೂರು ಕಾಯಿ ಆಯಿತು. ಗಂಟೆ ಮಾತ್ರ ಬರಲಿಲ್ಲ. ಎರಡು ಡುಬ್ಬದ ಒಂಟೆಯ ಬೆನ್ನಿನ ಹಾಗೆ ಎರಡು ಗುಡ್ಡೆ ಬಂದಿದೆ. ತಕ್ಕಡಿ ಹಾಳಾಗಿದೆಯಾ ಅಂತ ನನ್ನನ್ನೇ ಕೇಳುತ್ತಾಳೆ.

ನಿವೃತ್ತ ಮಾಷ್ಟ್ರು, ಮಂಗಳೂರು:

ಕಾಯಿ ಎಲ್ಲಿಂದ ತರಿಸುತ್ತೀರಿ?

ಕಾಪು ಅಂಗಡಿಯವ:

ಅಯ್ಯೋ ಹೌದು ಮಾಷ್ಟ್ರೇ. ಊರಿನದ್ದು ಅರ್ಧ, ತಿಪಟೂರಿನದ್ದು ಅರ್ಧ. ಒಂದೇ ರಾಶಿಗೆ ಸುರಿದಿದ್ದೆ.