ಕಟ್ ಆಗೋ ನೆಟ್‌ನಲ್ಲಿ ಲಿನಕ್ಸ್ ಕರ್ನಲ್ ಸೋರ್ಸ್ ಮನೇಲಿ ಅಪ್‌ಡೇಟ್ ಆಗಿ ಇಟ್ಕೊಳ್ಳೋದು ಹೇಗೆ?

ಕಕ್ಕಬ್ಬೆ_ಹುಡುಗ

ಎಲ್ರಿಗೂ ನಮಸ್ಕಾರ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸಣ್ಣ ಪುಟ್ಟ ಪ್ಯಾಚ್ (ಕೋಡ್ ತಿದ್ದುಪಡಿ) ಕಳ್ಸೋದು ಕಲೀಬೇಕು ಅಂತ ತುಂಬಾ ದಿನದಿಂದ ಆಸೆ, ಡ್ರೈವರ್ ಕೋಡ್ ಓದ್ತಾ ಇದೀನಿ, ಆದ್ರೆ ಸೋರ್ಸ್ ಮನೆಗೆ ತರೋದೇ ದೊಡ್ಡ ತಲೆನೋವಾಗಿದೆ. ನಾವಿರೋದು ಕೊಡಗಿನ ಕಕ್ಕಬ್ಬೆಯಿಂದ ಒಳಗೆ ತೋಟದ ಮನೇಲಿ, ಫೈಬರ್ ಈ ಕಡೆ ಬಂದಿಲ್ಲ, ಎಲ್ಲಾ ಮೊಬೈಲ್ ಹಾಟ್‌ಸ್ಪಾಟಲ್ಲೇ ಆಗ್ಬೇಕು. ಫೋನನ್ನ ಕಾಫಿ ಕಣದ ಮೂಲೆ ಕಂಬದ ಮೇಲಿಟ್ರೆ ಎರಡು ಕಡ್ಡಿ ಬರುತ್ತೆ, ಸಂಜೆ ಆದ್ರೆ ಅದೂ ನಿಧಾನ, ಮಳೆ ಜೋರಾದ್ರೆ ಎಲ್ಲೋ ಸಿಲ್ವರ್ ಮರದ ಕೊಂಬೆ ಬಿದ್ದು ಕರೆಂಟ್ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ.

ಗಿಟ್ ಕ್ಲೋನ್ (ಕೋಡನ್ನ ಹಿಸ್ಟರಿ ಸಮೇತ ಇಳಿಸೋ ಕಮಾಂಡ್) ಕೊಟ್ರೆ ರಿಸೀವಿಂಗ್ ಆಬ್ಜೆಕ್ಟ್ಸ್ ಅಂತ ಮೂವತ್ತು ನಲವತ್ತು ಪರ್ಸೆಂಟ್ ತನಕ ಬಂದು ಕಟ್ ಆಗುತ್ತೆ, ಅರ್ಲಿ ಇಒಎಫ್, ಇಂಡೆಕ್ಸ್-ಪ್ಯಾಕ್ ಫೇಲ್ಡ್ ಅಂತ ತೋರ್ಸುತ್ತೆ, ನೋಡಿದ್ರೆ ಫೋಲ್ಡರೇ ಇರಲ್ಲ, ಮತ್ತೆ ಕೊಟ್ರೆ ಸೊನ್ನೆಯಿಂದ ಶುರು. ಡೇಟಾ ಪ್ಯಾಕೆಲ್ಲ ಇದಕ್ಕೇ ಖರ್ಚಾಗ್ತಿದೆ. ಎಚ್‌ಟಿಟಿಪಿ ಪೋಸ್ಟ್‌ಬಫರ್ ಜಾಸ್ತಿ ಮಾಡಿ ಅಂತ ಎಲ್ಲಾ ಕಡೆ ಬರ್ದಿದಾರೆ, ಮಾಡ್ದೆ, ಏನೂ ವ್ಯತ್ಯಾಸ ಇಲ್ಲ.

ಮೊದಲ ಸಲ ಪೂರ್ತಿ ತರೋದು ಹೇಗೆ, ತಂದ ಮೇಲೆ ಹಳೇದಾಗ್ದೆ ಇಟ್ಕೊಳ್ಳೋದು ಹೇಗೆ, ಇಷ್ಟೇ ಪ್ರಶ್ನೆ. ಹಿಸ್ಟರಿ ಬೇಕೇ ಬೇಕು, ಗಿಟ್ ಬ್ಲೇಮ್ ನೋಡ್ದೆ ಒಂದು ಸಾಲನ್ನ ಯಾರು ಯಾಕೆ ಹಾಗೆ ಬರೆದ್ರು ಅಂತ ಗೊತ್ತಾಗಲ್ಲ, ಯಾವ ಹಳೇ ಬದಲಾವಣೆಯ ತಪ್ಪು ಸರಿಮಾಡ್ತಿದೀವಿ ಅಂತ ಹೇಳೋ ಫಿಕ್ಸಸ್ ಸಾಲು ಪ್ಯಾಚ್‌ಗೆ ಹಾಕೋಕೂ ಆ ಕಮಿಟ್ (ದಾಖಲಾದ ಬದಲಾವಣೆ) ನಂಬರ್ ಬೇಕು.

ಪೊನ್ನಂಪೇಟೆ_ಇಸಿ

ಬ್ರೋ ಪೂರ್ತಿ ಕ್ಲೋನ್ ಒಂದೇ ಸಲಕ್ಕೆ ಬೇಡ. --ಡೆಪ್ತ್=1 ಹಾಕಿ ಕ್ಲೋನ್ ಮಾಡು, ಇವತ್ತಿನ ಫೈಲ್‌ಗಳು ಮಾತ್ರ ಬರುತ್ತೆ. ಕರ್ನಲ್‌ಗೆ ಅದೂ ಇನ್ನೂರು ಎಂಬಿ ದಾಟುತ್ತೆ, ಆದ್ರೆ ಬೆಳಗಿನ ಜಾವ ಯಾರೂ ನೆಟ್ ಬಳಸದೆ ಇರೋವಾಗ ಕೂತ್ರೆ ಆಗುತ್ತೆ. ಆಮೇಲೆ ನಿನ್ನ ಹತ್ರ ಇಲ್ಲದ್ದನ್ನ ಮಾತ್ರ ತರೋ ಗಿಟ್ ಫೆಚ್‌ಗೆ --ಶ್ಯಾಲೋ-ಸಿನ್ಸ್ ಅಂತ ತಾರೀಕು ಕೊಟ್ಟು ಒಂದೊಂದೇ ತಿಂಗಳು ಹಿಂದಕ್ಕೆ ಹೋಗು. ಒಂದು ಫೆಚ್ ಮುಗೀತು ಅಂದ್ರೆ ಅಷ್ಟು ನಿಂದೇ, ಮುಂದಿನದ್ದು ಮಧ್ಯದಲ್ಲಿ ಕಟ್ಟಾದ್ರೂ ಬಂದಿದ್ದು ಹೋಗಲ್ಲ. --ಡೀಪನ್=50 ಅಂತ ಸಂಖ್ಯೆ ಕೊಡೋಕೂ ಬರುತ್ತೆ, ಆದ್ರೆ ಕರ್ನಲ್‌ನಲ್ಲಿ ಮರ್ಜ್ (ಕವಲುಗಳು ಕೂಡೋದು) ಜಾಸ್ತಿ, ಐವತ್ತು ಅಂದ್ರೆ ಪ್ರತಿ ಕವಲಲ್ಲೂ ಐವತ್ತು ಹಿಂದಕ್ಕೆ ಹೋಗುತ್ತೆ, ಸಾವಿರಗಟ್ಟಲೆ ಕಮಿಟ್ ಒಟ್ಟಿಗೇ ಬರೋಕೆ ಶುರುವಾಗುತ್ತೆ, ಅದಕ್ಕೇ ತಾರೀಕೇ ವಾಸಿ.

ಇಲ್ಲಾಂದ್ರೆ --ಫಿಲ್ಟರ್=ಬ್ಲಾಬ್:ನನ್ ನೋಡು. ಕಮಿಟ್ ಹಿಸ್ಟರಿ ಪೂರ್ತಿ ಬರುತ್ತೆ, ಹಳೇ ಫೈಲ್‌ಗಳ ಒಳಗಿರೋದು ಮಾತ್ರ ನೀನು ಕೇಳ್ದಾಗ ಬರುತ್ತೆ, ತುಂಬಾ ಡೇಟಾ ಉಳಿಯುತ್ತೆ. ನಾನು ಹಾಸ್ಟೆಲ್‌ನಲ್ಲಿ ಇದನ್ನೇ ಮಾಡಿರೋದು.

ಸೋಮವಾರಪೇಟೆ_ದೇವ್

ಬ್ಲಾಬ್:ನನ್ ತೋಟದ ಮನೆಗೆ ದಯವಿಟ್ಟು ಬೇಡ. ಹಾಸ್ಟೆಲ್ ವೈಫೈ ನಿಧಾನ ಇರಬಹುದು ಆದ್ರೆ ಇರುತ್ತೆ, ಇವ್ರ ಕಡೆ ಮಳೆಗಾಲದಲ್ಲಿ ಇರೋದೇ ಇಲ್ಲ, ನಿಧಾನದ ಲೈನ್ ಬೇರೆ ಕಟ್ ಆಗೋ ಲೈನ್ ಬೇರೆ, ಎರಡಕ್ಕೂ ಒಂದೇ ಔಷಧಿ ಆಗಲ್ಲ. ಬ್ಲಾಬ್ ಇಲ್ಲದ ಕ್ಲೋನ್‌ನಲ್ಲಿ ಗಿಟ್ ಬ್ಲೇಮ್ ಕೊಟ್ರಿ ಅನ್ಕೊಳ್ಳಿ, ಆ ಫೈಲ್‌ನ ಹಳೇ ಒಂದೊಂದು ರೂಪಕ್ಕೂ ಗಿಟ್ ಸರ್ವರ್ ಹತ್ರ ಹೋಗಿ ತರುತ್ತೆ, ಒಂದೊಂದಾಗಿ. ಟವರ್ ಇಲ್ಲ ಅಂದ್ರೆ ಅಲ್ಲೇ ಎರರ್. ನಮಗೆ ಕೋಡ್ ಓದೋಕೆ ಸರಿಯಾಗಿ ಟೈಮ್ ಸಿಗೋದೇ ಕರೆಂಟ್ ನೆಟ್ ಎರಡೂ ಇಲ್ದೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಕೂತಾಗ, ಆವಾಗ್ಲೇ ಹಿಸ್ಟರಿ ತೆರೀಲಿಲ್ಲ ಅಂದ್ರೆ ಏನು ಪ್ರಯೋಜನ ಹೇಳಿ.

ಶ್ಯಾಲೋ ಕ್ಲೋನ್, ಅಂದ್ರೆ ಡೆಪ್ತ್ ಕೊಟ್ಟು ಹಿಸ್ಟರಿ ಕತ್ತರಿಸಿದ್ದು, ಶುರು ಮಾಡೋಕೆ ಒಳ್ಳೇದು, ಆದ್ರೆ ನೀವು ಬ್ಲೇಮ್ ಬೇಕು ಅಂದಿರೋದ್ರಿಂದ ಒಂದು ಎಚ್ಚರಿಕೆ. ಹಿಸ್ಟರಿ ಎಲ್ಲಿಗೆ ಕತ್ತರಿಸಿದೆಯೋ ಆ ಗಡಿಯ ಕಮಿಟೇ ಅದಕ್ಕಿಂತ ಹಳೇ ಸಾಲೆಲ್ಲಾ ಬರೆದಿದ್ದು ಅಂತ ಬ್ಲೇಮ್ ತೋರ್ಸುತ್ತೆ, ನಂಬರ್ ಮುಂದೆ ಒಂದು ಚಿಕ್ಕ ಟೋಪಿ ಗುರುತು ಇರುತ್ತೆ ಅಷ್ಟೇ. ಅದನ್ನ ನಂಬಿ ಫಿಕ್ಸಸ್ ಸಾಲಲ್ಲಿ ಹಾಕಿದ್ರೆ ಸಂಬಂಧ ಇಲ್ಲದ ಕಮಿಟ್ ಹೆಸರು ಹೋಗುತ್ತೆ, ಸ್ಟೇಬಲ್‌ಗೆ (ಬಿಡುಗಡೆಯಾದ ವರ್ಷನ್‌ಗಳಿಗೆ ಫಿಕ್ಸ್ ಸೇರಿಸೋ ಕವಲು) ಪ್ಯಾಚ್ ಎತ್ಕೊಳ್ಳೋರು ಆ ಸಾಲನ್ನೇ ನೋಡಿ ಯಾವ ವರ್ಷನ್ ತನಕ ಹಾಕ್ಬೇಕು ಅಂತ ನಿರ್ಧಾರ ಮಾಡ್ತಾರೆ.

ನಿಮಗೆ ಬೇಕಾಗಿರೋದು ಬಂಡಲ್. ಕ್ಲೋನ್ ಯಾಕೆ ನಿಂತಲ್ಲಿಂದ ಮುಂದುವರಿಯಲ್ಲ ಅಂದ್ರೆ, ನೀವು ಕೇಳ್ದಾಗ ಸರ್ವರ್ ಆ ಕ್ಷಣಕ್ಕೆ ಪ್ಯಾಕ್ ಕಟ್ಟಿ ಹರಿಸುತ್ತೆ, ಇನ್ನೊಂದು ಸಲ ಕೇಳಿದ್ರೆ ಅದೇ ಬೈಟ್‌ಗಳು ಅದೇ ಸಾಲಲ್ಲಿ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಹಾಗಾಗಿ ಅರ್ಧದಿಂದ ಕೊಡು ಅಂತ ಕೇಳೋ ದಾರಿನೇ ಇಲ್ಲ. ಬಂಡಲ್ ಅಂದ್ರೆ ಇಡೀ ರೆಪೊಸಿಟರಿನ ಒಂದೇ ಫೈಲ್ ಮಾಡಿ ಇಟ್ಟಿರೋದು. ಫೈಲ್ ಆದ ಮೇಲೆ ಯಾವ ಡೌನ್‌ಲೋಡರ್ ಬೇಕಾದ್ರೂ ನಿಲ್ಲಿಸಿ ನಿಲ್ಲಿಸಿ ತರಬಹುದು. ಕರ್ನಲ್‌ನ ಅಧಿಕೃತ ಸೈಟ್ ಕರ್ನಲ್ ಡಾಟ್ ಆರ್ಗ್‌ನವರು ಇಂಥ ಲೈನ್ ಇರೋರಿಗೆ ಅಂತಾನೇ ಕ್ಲೋನ್ ಡಾಟ್ ಬಂಡಲ್ ಅನ್ನೋ ಫೈಲ್ ಸಿಡಿಎನ್‌ನಲ್ಲಿ (ಡೌನ್‌ಲೋಡ್ ಸರ್ವರ್‌ಗಳ ಜಾಲ) ಇಟ್ಟಿದ್ದಾರೆ.

ಡಬ್ಲ್ಯುಗೆಟ್ ಅನ್ನೋ ಡೌನ್‌ಲೋಡರ್‌ಗೆ -ಸಿ (ನಿಂತಲ್ಲಿಂದ ಮುಂದುವರಿಸು) ಕೊಟ್ಟು ಇಳಿಸಿ. ಜೊತೆಗೆ --ಟ್ರೈಸ್=0 ಹಾಕಿ, ಇಲ್ಲಾಂದ್ರೆ ಇಪ್ಪತ್ತು ಸಲ ನೋಡಿ ಬಿಟ್ಬಿಡುತ್ತೆ. --ಟೈಮ್‌ಔಟ್=30 ಮರೀಬೇಡಿ, ಡಿಫಾಲ್ಟ್ 900 ಸೆಕೆಂಡ್ ಇದೆ, ಅಂದ್ರೆ ಸಿಗ್ನಲ್ ಇದ್ದೂ ಡೇಟಾ ಹರೀದೆ ಇದ್ರೆ ಕಾಲು ಗಂಟೆ ಸುಮ್ನೆ ಕಾಯ್ತಾ ಕೂರುತ್ತೆ, ಅಷ್ಟರಲ್ಲಿ ಟವರ್ ಬಂದು ಮತ್ತೆ ಹೋಗಿರುತ್ತೆ. ಪೂರ್ತಿ ಬಂದ ಮೇಲೆ ಫೈಲ್ ಕೆಟ್ಟಿಲ್ಲ ಅಂತ ಚೆಕ್‌ಸಮ್ ನೋಡಿ, ಆ ಫೈಲ್‌ನಿಂದಲೇ ಗಿಟ್ ಕ್ಲೋನ್ ಮಾಡಿ, ನೆಟ್ ಬೇಕಾಗಿಲ್ಲ, ಡಿಸ್ಕ್‌ನಿಂದ ಡಿಸ್ಕ್‌ಗೆ. ಕೊನೆಗೆ ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಕೊಟ್ಟು ಒರಿಜಿನ್‌ನ ಕರ್ನಲ್ ಡಾಟ್ ಆರ್ಗ್ ವಿಳಾಸಕ್ಕೆ ತಿರುಗಿಸಿ ಒಂದು ಫೆಚ್. ಬಂಡಲ್ ಆದ ಮೇಲೆ ಬಂದಿರೋದಷ್ಟೇ ಬರುತ್ತೆ. 2005ರ ಏಪ್ರಿಲ್‌ನಲ್ಲಿ 2.6.12-ಆರ್‌ಸಿ2 ಇಂದ ಗಿಟ್‌ಗೆ ಬಂದ ಇಡೀ ಹಿಸ್ಟರಿ ನಿಮ್ಮ ಮನೇಲಿ ಇರುತ್ತೆ.

ಪೋಸ್ಟ್‌ಬಫರ್ ನಾವು ಪುಶ್ ಮಾಡೋವಾಗ ಹೋಗೋ ಡೇಟಾಗೆ ಸಂಬಂಧಪಟ್ಟಿದ್ದು, ಕ್ಲೋನ್‌ಗೂ ಅದಕ್ಕೂ ಸಂಬಂಧನೇ ಇಲ್ಲ. ಆ ಸಲಹೆ ಕಾಪಿ ಆಗಿ ಆಗಿ ಎಷ್ಟೋ ಜನರ ಟೈಮ್ ಹಾಳು ಮಾಡಿದೆ, ನನಗಂತೂ ನೋಡಿದ್ರೆ ಸಿಟ್ಟು ಬರುತ್ತೆ.

ಮೂರ್ನಾಡು_ಮೋಡೆಮ್

ಸೋಮವಾರಪೇಟೆ ಮೇಡಂ ಹೇಳಿದ್ದು ಸರಿ ಇದೆ. ನಾನು ಬೇರೆ ದಾರಿ ಸೇರಿಸ್ತೀನಿ, ಎರಡು ಕಡ್ಡಿ ಸಿಗ್ನಲ್‌ನಲ್ಲಿ ಜಿಬಿಗಟ್ಟಲೆ ಬಂಡಲ್ ಇಳಿಸೋಕೆ ಡೇಟಾ ಪ್ಯಾಕೇ ಸಾಕಾಗದೆ ಇರಬಹುದು. ಮೈಸೂರು ಬೆಂಗಳೂರಲ್ಲಿ ಓದೋರು ಕೆಲಸ ಮಾಡೋರು ಇಲ್ಲದ ಮನೆ ನಮ್ಮ ಕಡೆ ಯಾವ್ದಿದೆ. ಅವ್ರ ಹತ್ರ ಗಿಟ್ ಕ್ಲೋನ್ --ಮಿರರ್ (ರೆಪೊಸಿಟರಿಯ ಪೂರ್ತಿ ನಕಲು) ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿಸ್ಕೊಳ್ಳಪ್ಪ, ಕೈಲ್‌ಪೊಳ್ದಿಗೋ ಹುತ್ತರಿ ಹಬ್ಬಕ್ಕೋ ಊರಿಗೆ ಬರುವಾಗ ತರ್ತಾರೆ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಆಗಿರ್ಲಿ, ಫ್ಯಾಟ್32ನಲ್ಲಿ 4 ಜಿಬಿ ಮೇಲಿನ ಒಂದೇ ಫೈಲ್ ಕೂರಲ್ಲ. ಚುಚ್ಚಿ ಕ್ಲೋನ್ ಮಾಡೋಕೆ ಹೋದಾಗ ಡ್ಯೂಬಿಯಸ್ ಓನರ್‌ಶಿಪ್ ಅಂತ ಎರರ್ ಬಂದ್ರೆ ಗಾಬರಿ ಬೇಡ, 2022ರಿಂದ ಈಚಿನ ಗಿಟ್‌ಗಳು ಫೋಲ್ಡರ್ ಮಾಲೀಕ ಬೇರೆ ಇದ್ರೆ ಮುಟ್ಟಲ್ಲ, ಸೇಫ್ ಡಾಟ್ ಡೈರೆಕ್ಟರಿ ಅನ್ನೋ ಸೆಟ್ಟಿಂಗ್‌ಗೆ ಆ ಜಾಗ ಸೇರಿಸಿದ್ರೆ ಆಯ್ತು.

ಇದರಲ್ಲಿ ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಅನುಕೂಲ ಒಂದಿದೆ. ಮುಂದಿನ ಸಲ ಅವ್ರು ಇಡೀ ರೆಪೊ ಕೊಡ್ಬೇಕಾಗಿಲ್ಲ. ನಿನ್ನ ಹತ್ರ 6.12 ತನಕ ಇದೆ ಅಂದ್ರೆ ಅವ್ರು ಗಿಟ್ ಬಂಡಲ್ ಕ್ರಿಯೇಟ್‌ಗೆ ವಿ6.12..ಮಾಸ್ಟರ್ ಅಂತ ಕೊಟ್ರೆ ಆಮೇಲೆ ಬಂದಿರೋದು ಮಾತ್ರ ಚಿಕ್ಕ ಫೈಲ್ ಆಗುತ್ತೆ. ನೀನು ಗಿಟ್ ಬಂಡಲ್ ವೆರಿಫೈ ಮಾಡು, ಅದು ಕೂರೋಕೆ ಬೇಕಾದ ಹಳೇ ಕಮಿಟ್ ನಿನ್ನ ಹತ್ರ ಇದೆಯಾ ಅಂತ ಹೇಳುತ್ತೆ, ಇದ್ರೆ ಆ ಫೈಲ್‌ನಿಂದಲೇ ಫೆಚ್. ಪೆನ್‌ಡ್ರೈವ್ ಯಾರ್ಯಾರ ಕೈ ದಾಟಿ ಬರುತ್ತೋ, ಹಾಗಾಗಿ ರೆಪೊ ಕೆಟ್ಟಿಲ್ವಾ ಅಂತ ಗಿಟ್ ಎಫ್‌ಎಸ್‌ಸಿಕೆ ಒಂದ್ಸಲ ಓಡಿಸು, ಲಿನಕ್ಸ್ ಶುರು ಮಾಡಿದ ಟೋರ್ವಾಲ್ಡ್ಸ್ ಸಹಿ ಹಾಕಿರೋ ಟ್ಯಾಗನ್ನ (ವರ್ಷನ್ ಗುರುತು) ಗಿಟ್ ಟ್ಯಾಗ್ -ವಿ ಇಂದ ನೋಡು. ಸಹಿ ಸರಿ ಇದೆ ಅಂದ್ರೆ ಆ ಟ್ಯಾಗ್ ಹಿಂದಿನ ಪ್ರತಿಯೊಂದೂ ಸರಿ ಇದೆ ಅಂತ, ಪ್ರತಿ ಕಮಿಟ್ ನಂಬರೂ ಹಿಂದಿನದ್ದನ್ನ ಸೇರಿಸಿ ಲೆಕ್ಕ ಆಗೋ ಎಸ್‌ಎಚ್‌ಎ ಸರಪಳಿ ಇರೋದೇ ಅದಕ್ಕೆ.

ಯಾರೂ ಇಲ್ಲ ಅಂದ್ರೆ ತಿಂಗಳ ಬಾಡಿಗೆಗೆ ಒಂದು ಸಣ್ಣ ವಿಪಿಎಸ್ (ನೆಟ್‌ನಲ್ಲಿರೋ ಸರ್ವರ್). ಕ್ಲೋನು ಅಲ್ಲಿ ಮಾಡಿ, ಬಂಡಲ್ ಅಲ್ಲೇ ಕಟ್ಟಿ, ಮನೆಗೆ ಆರ್‌ಸಿಂಕ್ --ಪಾರ್ಷಿಯಲ್ ಇಂದ ಎಳಿ. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 30 ಹಾಕು, ಸತ್ತ ಲೈನ್ ಹಿಡ್ಕೊಂಡು ಕೂರಲ್ಲ. ಆರ್‌ಸಿಂಕ್ 1996ರದ್ದು, ಟ್ರಿಡ್ಜೆಲ್ ಮತ್ತು ಮ್ಯಾಕೆರಸ್ ಮಾಡಿದ್ದು, ಲೈನ್ ಸಣ್ಣದಿದ್ದ ಕಾಲದಲ್ಲಿ ಎರಡೂ ಕಡೆ ಇರೋ ಭಾಗ ಬಿಟ್ಟು ಬೇರೆ ಇರೋದನ್ನ ಮಾತ್ರ ಕಳ್ಸೋಕೆ ಅಂತಾನೇ ಬರೆದದ್ದು, ಇವತ್ತಿಗೂ ನಮ್ಮ ಕಡೆಗೆ ಅದಕ್ಕಿಂತ ಒಳ್ಳೇ ಸಾಮಾನು ನಾನು ಕಂಡಿಲ್ಲ. ಆದ್ರೆ ಡಾಟ್ ಗಿಟ್ ಫೋಲ್ಡರನ್ನೇ ಆರ್‌ಸಿಂಕ್ ಮಾಡೋಕೆ ಹೋಗ್ಬೇಡ. ಆ ಕಡೆ ಗಿಟ್ ಜಿಸಿ (ರೆಪೊ ಒಳಗಿನ ಕಸ ಗುಡಿಸೋದು) ಒಂದ್ಸಲ ಓಡಿದ್ರೆ ಪ್ಯಾಕ್ ಫೈಲ್ ಹೊಸ ಹೆಸರಲ್ಲಿ ಬರುತ್ತೆ, ಪೂರ್ತಿ ಮತ್ತೆ ಇಳಿಯೋಕೆ ಶುರು.

ಕಕ್ಕಬ್ಬೆ_ಹುಡುಗ

ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಬಂಡಲ್ ಡಬ್ಲ್ಯುಗೆಟ್‌ನಲ್ಲಿ ಹಾಕಿದೀನಿ, ನಡುವೆ ಕರೆಂಟ್ ಹೋಯ್ತು, ಬಂದ ಮೇಲೆ ಅದೇ ಕಮಾಂಡ್ ಕೊಟ್ಟೆ, ನಿಂತಲ್ಲಿಂದಲೇ ಹೊರಟಿದೆ, ನೋಡಿ ಬಹಳ ಖುಷಿ ಆಯ್ತು. ಇನ್ನು ಅಪ್‌ಡೇಟ್ ವಿಷಯ. ದಿನಾ ಗಿಟ್ ಪುಲ್ ತಾನಾಗೇ ಓಡೋ ಹಾಗೆ ಕ್ರಾನ್‌ನಲ್ಲಿ ಹಾಕ್ಲಾ? ಮಳೆಗಾಲದಲ್ಲಿ ಎರಡು ಮೂರು ವಾರ ಬಿಟ್ಟು ಹೋದ್ರೆ ಆಮೇಲಿನ ಫೆಚ್ಚೂ ದೊಡ್ಡದಾಗಿ ಮತ್ತೆ ಕಟ್ ಆಗೋ ಕಥೆ ಆಗಲ್ವಾ? ಸ್ಟೇಬಲ್ ಟ್ರೀನೂ ಬೇಕು, ಅದನ್ನ ಇನ್ನೊಂದು ಕ್ಲೋನ್ ಮಾಡ್ಬೇಕಾ?

ಸೋಮವಾರಪೇಟೆ_ದೇವ್

ಪುಲ್ ಬೇಡ, ಫೆಚ್ ಮಾತ್ರ. ಪುಲ್ ಅಂದ್ರೆ ಫೆಚ್ ಮಾಡಿ ಅಲ್ಲೇ ಮರ್ಜೂ ಮಾಡೋದು, ನೀವು ಅರ್ಧ ಬರೆದಿಟ್ಟ ಕೆಲಸದ ಮೇಲೆ ನಿಮಗೆ ಗೊತ್ತಿಲ್ದೆ ಕ್ರಾನ್ ಕೈಹಾಕೋದು ಸರಿ ಅಲ್ಲ. ಫೆಚ್ ನಿಮ್ಮ ಫೈಲ್ ಮುಟ್ಟಲ್ಲ, ಬಂದಿದ್ದನ್ನ ಪಕ್ಕಕ್ಕೆ ಇಡುತ್ತೆ, ಮರ್ಜೋ ರೀಬೇಸೋ ನೆಟ್ ಇಲ್ಲದಾಗ ಕೂತು ಮಾಡ್ಕೊಳ್ಳಿ.

ದಿನಾ ಬೇಕಾಗೂ ಇಲ್ಲ. ಟೋರ್ವಾಲ್ಡ್ಸ್ ಸಾಮಾನ್ಯವಾಗಿ ಭಾನುವಾರ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ವರ್ಷನ್) ಟ್ಯಾಗ್ ಹಾಕ್ತಾರೆ, ಅಮೆರಿಕದ ಭಾನುವಾರ ಮಧ್ಯಾಹ್ನ ಅಂದ್ರೆ ನಮಗೆ ಸೋಮವಾರ ನಸುಕು. ಸೋಮವಾರ ರಾತ್ರಿ ಒಂದು ಫೆಚ್ ಹಾಕಿ, ಸಾಕು. ಹೆಚ್ಚಿನ ವಾರ ಕೆಲವೇ ನೂರು ಕಮಿಟ್ ಇರುತ್ತೆ, ಹಾಟ್‌ಸ್ಪಾಟ್‌ನಲ್ಲೂ ಬಂದ್ಬಿಡುತ್ತೆ. ದೊಡ್ಡದು ಆರ್‌ಸಿ1 ಮಾತ್ರ. ಅದು ಎರಡು ವಾರದ ಮರ್ಜ್ ವಿಂಡೋ (ಹೊಸ ಕೋಡ್ ಸೇರಿಸೋ ಅವಧಿ) ಮುಗಿದ ಮೇಲೆ ಬರೋದು, ಹತ್ತು ಸಾವಿರಕ್ಕೂ ಮೇಲೆ ಕಮಿಟ್ ಇರೋದು ಮಾಮೂಲಿ. ಆ ಎರಡು ವಾರ ಮಾತ್ರ ಉಲ್ಟಾ ಮಾಡಿ, ಸಿಗ್ನಲ್ ಸಿಕ್ಕಾಗೆಲ್ಲ ಫೆಚ್ ಕೊಡ್ತಾ ಇರಿ, ಆಗ ಆರ್‌ಸಿ1 ಬರೋ ಹೊತ್ತಿಗೆ ಬಹುಪಾಲು ಮನೇಲಿರುತ್ತೆ.

ಜುಲೈನಲ್ಲಿ ತುಂಬಾ ದಿನ ನೆಟ್ ಇಲ್ದೆ ಹಿಂದೆ ಉಳಿದ್ರಿ ಅನ್ಕೊಳ್ಳಿ, ಮಾಸ್ಟರ್‌ಗೆ ನೇರ ಹಾರ್ಬೇಡಿ. ಗಿಟ್ ಫೆಚ್ ಒರಿಜಿನ್ ಟ್ಯಾಗ್ ಅಂತ ಬರೆದು ಮುಂದಿನ ಟ್ಯಾಗ್ ಹೆಸರು ಕೊಡಿ, ಆರ್‌ಸಿ2 ಬಂತಾ, ಆಮೇಲೆ ಆರ್‌ಸಿ3, ಹೀಗೆ. ಪ್ರತಿ ಹೆಜ್ಜೆನೂ ಡಿಸ್ಕ್‌ನಲ್ಲಿ ಉಳಿಯುತ್ತೆ, ಕಟ್ಟಾದ್ರೆ ಹೋಗೋದು ಆ ಒಂದು ಹೆಜ್ಜೆ ಮಾತ್ರ.

ಮಧ್ಯದಲ್ಲಿ ಸತ್ತ ಫೆಚ್‌ಗಳು ಡಾಟ್ ಗಿಟ್ ಒಳಗೆ ಆಬ್ಜೆಕ್ಟ್ಸ್, ಪ್ಯಾಕ್ ಫೋಲ್ಡರ್‌ನಲ್ಲಿ ಟಿಎಂಪಿ_ಪ್ಯಾಕ್ ಅಂತ ಶುರುವಾಗೋ ಫೈಲ್ ಬಿಟ್ಟು ಹೋಗುತ್ತೆ. ಅವು ಕೆಲಸಕ್ಕೆ ಬರಲ್ಲ ಆದ್ರೆ ಡಿಸ್ಕ್ ತುಂಬುತ್ತೆ. ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿ ಕೊಟ್ರೆ ಗಾರ್ಬೇಜ್ ಎಷ್ಟು ಅಂತ ತೋರ್ಸುತ್ತೆ, ಯಾವ ಫೆಚ್ಚೂ ಓಡ್ತಾ ಇಲ್ಲ ಅಂತ ನೋಡ್ಕೊಂಡು ಗಿಟ್ ಪ್ರೂನ್ ಮಾಡಿ.

ಸ್ಟೇಬಲ್‌ಗೆ ಇನ್ನೊಂದು ಕ್ಲೋನ್ ಖಂಡಿತಾ ಬೇಡ. ಇದೇ ರೆಪೊದಲ್ಲಿ ಗಿಟ್ ರಿಮೋಟ್ ಆ್ಯಡ್ ಸ್ಟೇಬಲ್ ಅಂತ ಸೇರಿಸಿ, ನಿಮಗೆ ಬೇಕಾದ ಒಂದು ಬ್ರಾಂಚ್ ಮಾತ್ರ ಫೆಚ್ ಮಾಡಿ, --ನೋ-ಟ್ಯಾಗ್ಸ್ ಹಾಕಿ. ಆಬ್ಜೆಕ್ಟ್‌ಗಳು ಬಹುಪಾಲು ಆಗ್ಲೇ ಇರೋದ್ರಿಂದ ಸ್ಟೇಬಲ್‌ನಲ್ಲಿ ಸೇರಿದ ಕಮಿಟ್‌ಗಳಷ್ಟೇ ಬರುತ್ತೆ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಕೊಳ್ಳೋಕೆ ಗಿಟ್ ವರ್ಕ್‌ಟ್ರೀ ಇದೆ, ಅದಕ್ಕೆ ಒಂದು ಬೈಟೂ ನೆಟ್ ಬೇಡ.

ಪೊನ್ನಂಪೇಟೆ_ಇಸಿ

ಬ್ಲೇಮ್‌ನಲ್ಲಿ ಆ ಟೋಪಿ ಗುರುತಿನ ಅರ್ಥ ನಂಗೂ ಗೊತ್ತಿರ್ಲಿಲ್ಲ ಅಕ್ಕ, ಥ್ಯಾಂಕ್ಸ್. ಹಾಸ್ಟೆಲ್‌ನಲ್ಲೂ ಈ ವಾರ ಫಿಲ್ಟರ್ ಇಲ್ಲದೆ ಪೂರ್ತಿ ಕ್ಲೋನ್ ಮಾಡ್ತೀನಿ. ಕಕ್ಕಬ್ಬೆ ಬ್ರೋ, ನಾನು ಪ್ರತಿ ಶನಿವಾರ ಗೋಣಿಕೊಪ್ಪ ಸಂಜೆ ಬಸ್ಸಲ್ಲಿ ವಿರಾಜಪೇಟೆಗೆ ಬರ್ತೀನಿ, ಬಂಡಲ್ ಮುಗೀಲಿಲ್ಲ ಅಂದ್ರೆ ಮೆಸೇಜ್ ಮಾಡು, ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ನಲ್ಲಿ ಮಿರರ್ ತಂದ್ಕೊಡ್ತೀನಿ.

ಮೂರ್ನಾಡು_ಮೋಡೆಮ್

ಕಳ್ಸೋದರ ಬಗ್ಗೆ ಯಾರೂ ಹೇಳ್ಲಿಲ್ಲ. ಅದು ಸುಲಭ ಇದೆಯಪ್ಪ, ಕರ್ನಲ್‌ಗೆ ಪ್ಯಾಚ್ ಈಮೇಲ್‌ನಲ್ಲಿ ಹೋಗೋದು, ಪುಶ್ ಮಾಡೋ ಪ್ರಶ್ನೆನೇ ಇಲ್ಲ. ನೆಟ್ ಇಲ್ಲದಾಗ ಕಮಿಟ್ ಮಾಡಿಡು, ಗಿಟ್ ಫಾರ್ಮ್ಯಾಟ್-ಪ್ಯಾಚ್ ಇಂದ ಫೈಲ್ ಮಾಡು, ಶೈಲಿಯ ತಪ್ಪು ಹುಡುಕೋ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಸೋರ್ಸ್ ಒಳಗೇ ಇದೆ, ಅದನ್ನೂ ಓಡಿಸಿಡು. ಸಿಗ್ನಲ್ ಬಂದಾಗ ಗಿಟ್ ಸೆಂಡ್-ಈಮೇಲ್. ಸಣ್ಣ ಪ್ಯಾಚ್ ಅಂದ್ರೆ ಕೆಲವು ಕೆಬಿ ಅಷ್ಟೇ, ಒಂದು ಕಡ್ಡಿ ಇದ್ರೂ ಹೋಗುತ್ತೆ. ಮೊದಲು ನಿನ್ನ ವಿಳಾಸಕ್ಕೇ ಒಂದು ಕಳ್ಸಿ ನೋಡು, ಟ್ಯಾಬ್‌ಗಳು ಟ್ಯಾಬ್ ಆಗೇ ಬಂದಿದ್ರೆ ಕರ್ನಲ್ ಮೇಲಿಂಗ್ ಲಿಸ್ಟ್‌ಗೆ ಕಳ್ಸು.