ಲೆಕ್ಕದ ಪ್ರಕಾರ ತಿಂಗಳಿಗೆ 14,500 ಉಳೀಬೇಕು, ಕೈಯಲ್ಲಿ ಮಾತ್ರ ಏನೂ ಇಲ್ಲ

ವಾಕಡ್_ಕನ್ನಡತಿ:
ಎಲ್ರಿಗೂ ನಮಸ್ಕಾರ, ನಾವು ದಾವಣಗೆರೆ ಕಡೆಯವ್ರು, ಪುಣೆ ವಾಕಡ್‌ನಲ್ಲಿ ಬಾಡಿಗೆ ಮನೆ. ಯಜಮಾನ್ರಿಗೆ ಚಾಕಣ್‌ನಲ್ಲಿ ಕಂಪನಿ ಕೆಲಸ, ಎಲ್ಲಾ ಕಟ್ ಆಗಿ ಕೈಗೆ 72,000 ಬರುತ್ತೆ. ಬಾಡಿಗೆ ಮೇಂಟೆನೆನ್ಸ್ ಸೇರಿ 20,000, ಊರಲ್ಲಿ ಅತ್ತೆ ಮಾವನಿಗೆ 8,000, ಬೈಕ್ ಇಎಂಐ 6,500, ರೇಷನ್ ಹಾಲು ತರಕಾರಿ 14,000, ಕರೆಂಟು ಗ್ಯಾಸು ಮೊಬೈಲು ನೆಟ್ಟು 3,500, ಪೆಟ್ರೋಲು ಮತ್ತೆ ಮಗಳ ಸ್ಕೂಲ್ ವ್ಯಾನು 5,500. ಒಟ್ಟು 57,500 ಆಗುತ್ತೆ. ಅಂದ್ರೆ 14,500 ಉಳೀಬೇಕು ತಾನೇ? ಉಳಿಯೋದು ಹಾಗಿರ್ಲಿ, ಕ್ರೆಡಿಟ್ ಕಾರ್ಡ್‌ನಲ್ಲಿ 48,000 ಬಾಕಿ ನಿಂತಿದೆ, ತಿಂಗಳಾ ಮಿನಿಮಮ್ ಡ್ಯೂ 2,400 ಕಟ್ತಾ ಇದೀವಿ. ಬ್ಯಾಂಕಲ್ಲಿ 60,000 ಎಫ್‌ಡಿ ಇದೆ, ಕಷ್ಟಕಾಲಕ್ಕೆ ಅಂತ ಮುಟ್ಟಿಲ್ಲ. ಹೋಟ್ಲು ಗೀಟ್ಲು ಅಂತ ಜಾಸ್ತಿ ಹೋಗಲ್ಲ ನಾವು. ಸೊಸೈಟಿ ಲೇಡೀಸ್ ತಿಂಗಳಿಗೆ 2,000ದ ಭಿಶಿ (ಎಲ್ರೂ ತಿಂಗಳಾ ದುಡ್ಡು ಹಾಕಿ, ಚೀಟಿ ಎತ್ತಿ ಹೆಸ್ರು ಬಂದೋರಿಗೆ ಅಷ್ಟೂ ಕೊಡೋದು) ಶುರು ಮಾಡ್ತಿದ್ದಾರೆ, ಅದಕ್ಕೆ ಸೇರ್ಕೊಂಡ್ರೆ ಉಳಿತಾಯ ಆಗುತ್ತಾ?

ನಿಗಡಿ_ನಾಗರಾಜ:
ಮೇಡಂ, ಕರೆಂಟ್ ನೋಡಿ ಮೊದ್ಲು. ಇಲ್ಲಿನ ಕರೆಂಟ್ ಕಂಪನಿ ಮಹಾವಿತರಣದಲ್ಲಿ ತಿಂಗಳಿಗೆ 300 ಯೂನಿಟ್ ದಾಟಿದ್ರೆ ಎಲ್ಲಾ ಯೂನಿಟ್‌ಗೂ ಜಾಸ್ತಿ ರೇಟ್ ಬೀಳುತ್ತೆ, ಗೀಸರ್ ಆಫ್ ಮಾಡಿ, ಬಿಲ್ ಅರ್ಧ ಆಗುತ್ತೆ.

ಭೋಸರಿ_ಕಾಕಾ:
ನಾಗರಾಜ್ ಅವರ, ಹಂಗಿಲ್ರಿ. ಸ್ಲ್ಯಾಬ್ ದಾಟಿದಮ್ಯಾಲಿನ ಯೂನಿಟ್‌ಗಷ್ಟ ಜಾಸ್ತಿ ರೇಟ್, ಮೊದಲಿನ 100ಕ್ಕ ಅದರದ ರೇಟ, 101ರಿಂದ 300ಕ್ಕ ಅದರದ. 305 ಆತಂದ್ರ ಮ್ಯಾಲಿನ ಐದಕ್ಕಷ್ಟ ಹೊಡ್ತ. ಗೀಸರ್ ಆಫ್ ಮಾಡೂದು ಬ್ಯಾಡ ಅನ್ನಂಗಿಲ್ಲ, ಆದ್ರ ಇವರ ರೋಗ ಅದಲ್ಲ.

ತಂಗಿ, ನೀ ಬರದಿದ್ದೆಲ್ಲಾ ತಿಂಗಳಿನ ಖರ್ಚು. ವರ್ಷಕ್ಕೊಮ್ಮೆ ಎರಡಸಲ ಬರೂ ಖರ್ಚು ಎಲ್ಲೈತಿ? ಸಾಲಿ ಫೀ, ಇನ್ಶೂರೆನ್ಸು, ಊರಿಗೆ ಹೋಗಿ ಬರೂದು, ಹಬ್ಬ, ಮದುವಿ ಮುಂಜಿವಿ ಆಹೇರಿ? ಅಷ್ಟೂ ಬರಿ ನೋಡೂಣು, ಆಮ್ಯಾಲೆ ಭಿಶಿ ಮಾತು.

ವಾಕಡ್_ಕನ್ನಡತಿ:
ಕಾಕಾ, ಕೂತು ಬರೆದೆ. ಸ್ಕೂಲ್ ಫೀಸು ಪುಸ್ತಕ ಯೂನಿಫಾರ್ಮ್ ಎಲ್ಲಾ 66,000, ಹೆಚ್ಚು ಭಾಗ ಜೂನ್‌ನಲ್ಲೇ ಬರೋದು. ಹೆಲ್ತ್ ಇನ್ಶೂರೆನ್ಸ್ 22,000. ಊರಿಗೆ ದೀಪಾವಳಿಗೆ ಮತ್ತೆ ಮೇ ರಜಕ್ಕೆ 28,000 ಹತ್ರ, ಹಬ್ಬ ಬಟ್ಟೆ ಉಡುಗೊರೆ 24,000, ಮನೆ ಅಗ್ರಿಮೆಂಟ್ 11 ತಿಂಗಳಿಗೊಂದ್ಸಲ ಹೊಸದು ಮಾಡ್ಸೋದು, ಬೈಕ್ ಇನ್ಶೂರೆನ್ಸು ಸರ್ವಿಸಿಂಗು ಎಲ್ಲಾ ಸೇರಿ 16,000. ಕೂಡಿಸಿದ್ರೆ 1,56,000!! ಇಷ್ಟಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಭೋಸರಿ_ಕಾಕಾ:
ಸಿಕ್ತಲ್ಲ. 1,56,000ಕ್ಕ 12ರಿಂದ ಭಾಗಿಸು, ತಿಂಗಳಿಗೆ 13,000. ನಿನ್ನ 14,500ದಾಗ 13,000 ಇಲ್ಲೇ ಹೋತು, ಖರೇ ಉಳಿಯೂದು 1,500. ಈಗ ಕಾರ್ಡ್ ನೋಡು, ಬಡ್ಡಿ ತಿಂಗಳಿಗೆ ಮೂರೂವರಿ ಪರ್ಸೆಂಟ್ ಹಿಡಿ, ನಿನ್ನ ಸ್ಟೇಟ್‌ಮೆಂಟ್‌ನ್ಯಾಗ ಬರದಿರತೈತಿ ನೋಡ್ಕೊ. 48,000ಕ್ಕ 1,680 ಬಡ್ಡಿ, ಬಡ್ಡಿ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಸುಮಾರು 302. ನೀ ಕಟ್ಟೂ 2,400ದಾಗ ಅಸಲಿಗೆ ಹೋಗೂದು 418 ರೂಪಾಯಿ ಅಷ್ಟ! ಮತ್ತ ಬಾಕಿ ಇದ್ದಾಗ ಹೊಸದಾಗಿ ಕಾರ್ಡ್ ತಿಕ್ಕಿದ್ರ ಅದಕ್ಕ ಬಡ್ಡಿ ಇಲ್ಲದ ದಿನಾನೂ ಸಿಗಂಗಿಲ್ಲ, ತೊಗೊಂಡ ದಿನದಿಂದನ ಬಡ್ಡಿ ಚಾಲೂ. ನಾ ಹೇಳೂದು, ಎಫ್‌ಡಿ ಮುರದು ಕಾರ್ಡ್ ಖಲಾಸ್ ಮಾಡು. ಆರೇಳು ಪರ್ಸೆಂಟ್ ಗಳಿಸಾಕ ಹೋಗಿ ವರ್ಷಕ್ಕ 42 ಪರ್ಸೆಂಟ್ ಕೊಡೂದು ಯಾವ ಶಾಣ್ಯಾತನ?

ಡೊಂಬಿವಲಿ_ಶೆಡ್ತಿ:
ಕಾಕಾ ಲೆಕ್ಕ ಸರಿಯೇ, ಆದ್ರೆ ಎಫ್‌ಡಿ ಮುರಿಯುವುದು ಬೇಡ ಮಾರಾಯ್ರೆ. ನಾಳೆ ಯಾರಿಗಾದ್ರೂ ಹುಷಾರಿಲ್ಲ ಅಂತ ಆದ್ರೆ ಪುನಃ ಅದೇ ಕಾರ್ಡ್ ಹಿಡ್ಕೊಂಡು ಓಡ್ಬೇಕು. ಎಫ್‌ಡಿ ಮೇಲೆ ಲೋನ್ ಸಿಗ್ತದೆ ಅದೇ ಬ್ಯಾಂಕಲ್ಲಿ, ಹೆಚ್ಚಿನ ಕಡೆ 90 ಪರ್ಸೆಂಟ್‌ವರೆಗೆ ಕೊಡ್ತಾರೆ, ಬಡ್ಡಿ ಎಫ್‌ಡಿ ರೇಟಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಅಷ್ಟೆ. 60,000ಕ್ಕೆ 54,000ದ ವರೆಗೆ ಆಯ್ತಲ್ಲ, ನಿಮಗೆ ಬೇಕಾದ್ದು 48,000. ಎಂಟೂವರೆ ಪರ್ಸೆಂಟ್ ಅಂತ ಹಿಡಿದ್ರೂ ತಿಂಗಳ ಬಡ್ಡಿ 340 ರೂಪಾಯಿ, ಎಲ್ಲಿಯ 1,680 ಎಲ್ಲಿಯ 340. ಅಸಲು ತೀರಿದ ಮೇಲೆ ಎಫ್‌ಡಿ ಪುನಃ ನಿಮ್ಮ ಕೈಗೆ ಬರ್ತದೆ. ಮುರಿದ್ರೆ ಮಾತ್ರ ಪುನಃ ಅಷ್ಟು ಕೂಡಿಸ್ಲಿಕ್ಕೆ ಯಾರಿಗೂ ಆಗುವುದಿಲ್ಲ, ಅದು ನಾನು ಎಷ್ಟೋ ಮನೆಯಲ್ಲಿ ನೋಡಿದ್ದುಂಟು.

ಮತ್ತೆ ಆ ತಿಂಗಳ 13,000 ಸಂಬಳದ ಅಕೌಂಟಲ್ಲೇ ಇಟ್ರೆ ಅದು ಉಳಿಯುವುದಿಲ್ಲ, ಯುಪಿಐ ಅಂತ ಒಂದುಂಟಲ್ಲ, ಅದು ಅಕೌಂಟಲ್ಲಿ ಕಂಡದ್ದನ್ನೆಲ್ಲ ತಿಂತದೆ. ಬೇರೆ ಬ್ಯಾಂಕಲ್ಲಿ ಒಂದು ಸೇವಿಂಗ್ಸ್ ಅಕೌಂಟ್ ಮಾಡಿ, ಯುಪಿಐಗೆ ಜೋಡಿಸ್ಬೇಡಿ, ಸಂಬಳ ಬಂದ ಮರುದಿನವೇ ಹೋಗುವ ಹಾಗೆ ಆಟೋ ಟ್ರಾನ್ಸ್‌ಫರ್ ಹಾಕಿ. ಸ್ಕೂಲ್ ಫೀಸಿಗೆ ಮಾತ್ರ ಬ್ಯಾಂಕಲ್ಲಿ ಬೇರೆ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಡಿಪಾಸಿಟ್) ಮಾಡಿ, ಜೂನ್‌ನಲ್ಲಿ ಶುರು ಮಾಡಿದ್ರೆ ಮುಂದಿನ ಫೀಸಿನ ಹೊತ್ತಿಗೆ ಕೈಗೆ ಬರ್ತದೆ. ಪೋಸ್ಟ್ ಆಫೀಸ್ ಆರ್‌ಡಿ ಇದಕ್ಕೆ ಬೇಡ, ಅದು ಐದು ವರ್ಷದ್ದು.

ನಿಗಡಿ_ನಾಗರಾಜ:
ಸ್ಲ್ಯಾಬ್ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಕಾಕಾ. ನಮ್ಮ ಅಂಗಡಿ ಹತ್ರ ಪತ್‌ಪೇಢಿ (ಸಹಕಾರಿ ಪತ್ತಿನ ಸಂಘ) ಏಜೆಂಟ್ ಪಿಗ್ಮಿ ಕಲೆಕ್ಟ್ ಮಾಡೋಕೆ ದಿನಾ ಬರ್ತಾನೆ, ಬಡ್ಡಿ ಬ್ಯಾಂಕ್‌ಗಿಂತ ಜಾಸ್ತಿ ಅಂತಾನೆ. ಅದಕ್ಕೆ ಹಾಕಿದ್ರೆ ಹೇಗೆ?

ಡೊಂಬಿವಲಿ_ಶೆಡ್ತಿ:
ಪಿಗ್ಮಿ ಒಳ್ಳೆಯದೇ, 1928ರಲ್ಲಿ ನಮ್ಮೂರ ಕಡೆಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಅಂತ ಮನೆಮನೆಗೆ ಹೋಗಿ ಶುರು ಮಾಡಿದ್ದು. ಆದ್ರೆ ಪತ್‌ಪೇಢಿ ಅಂದ್ರೆ ಬ್ಯಾಂಕ್ ಅಲ್ಲ, ಡಿಪಾಸಿಟ್ ಇನ್ಶೂರೆನ್ಸ್ ಅದಕ್ಕೆ ಇಲ್ಲ. ಬ್ಯಾಂಕ್ ಆದ್ರೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷದವರೆಗೆ ವಿಮೆ ಉಂಟು, 2020ರ ಫೆಬ್ರವರಿಗೆ ಮೊದಲು 1 ಲಕ್ಷ ಮಾತ್ರ ಇತ್ತು. 2019ರಲ್ಲಿ ಪಿಎಂಸಿ ಅಂತ ಮುಂಬಯಿಯ ಸಹಕಾರಿ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಮೊದಲಿಗೆ ತೆಗೀಲಿಕ್ಕೆ ಬಿಟ್ಟದ್ದು 1,000 ರೂಪಾಯಿ, ಮುಂಬಯಿಯಲ್ಲಿ ಅದನ್ನು ಯಾರೂ ಮರೆತಿಲ್ಲ. ಅರ್ಧ ಪರ್ಸೆಂಟ್ ಆಸೆಗೆ ಎಲ್ಲ ಒಂದೇ ಕಡೆ ಹಾಕ್ಬೇಡಿ.

ಭೋಸರಿ_ಕಾಕಾ:
ಶೆಡ್ತಿ ಅವ್ರು ಹೇಳಿದ ಎಫ್‌ಡಿ ಲೋನ್ ನನಗೂ ಪಸಂದ್ ಆತು, ನಂದು ಮುರಿಯೂ ಮಾತು ವಾಪಸ್ ತೊಗೋತೀನಿ. ಆದ್ರ ಒಂದು ಕಂಡೀಶನ್, ಕಾರ್ಡ್ ಖಾಲಿ ಆದಮ್ಯಾಲೆ ಬೀರೂದಾಗ ಇಡ್ರಿ, ಇಲ್ಲಂದ್ರ ಲೋನೂ ನಿಂತಿತು ಕಾರ್ಡೂ ತುಂಬಿತು.

ಭಿಶಿ ಬಗ್ಗೆ: ಪರಿಚಯದವ್ರು ಇದ್ರ ತಪ್ಪೇನಿಲ್ಲ, ಆದ್ರ ಚೀಟಿ ಎತ್ತಿದಾಗ ಯಾರ ಹೆಸರು ಬರತೈತಿ ಯಾರಿಗ್ಗೊತ್ತು. ನಿನಗ ರೊಕ್ಕ ಬೇಕಾಗೂದು ಜೂನ್‌ದಾಗ, ನಂಬರ್ ಬರೂದು ನವೆಂಬರ್‌ದಾಗ. ಮೊದಲ ತೊಗೊಂಡವ್ರು ಮನಿ ಬಿಟ್ಟು ಹೋದ್ರ ಕಡೀಕ ಇದ್ದವ್ರ ರೊಕ್ಕ ಹೋದಂಗ, ಬಾಡಿಗಿ ಸೊಸೈಟಿಯೊಳಗ ಜನ ಹೋಗೂದು ಬರೂದು ಇದ್ದದ್ದ. ಉಳಿಯೂದ 1,500 ಇರಬೇಕಾದ್ರ 2,000ದ ಭಿಶಿ ಎಲ್ಲಿಂದ ಕಟ್ತಿ? ಸದ್ಯ ಬ್ಯಾಡ.

ವಾಕಡ್_ಕನ್ನಡತಿ:
ಸರಿ ಕಾಕಾ, ಭಿಶಿ ಬೇಡ ಅಂತೀನಿ, ಪಕ್ಕದ್ಮನೆ ಆಂಟಿ ಮುಖ ಸಣ್ಣ ಮಾಡ್ತಾರೆ, ಮಾಡ್ಲಿ. ಯಜಮಾನ್ರು ನಾಳೆ ಬ್ಯಾಂಕಿಗೆ ಹೋಗಿ ಎಫ್‌ಡಿ ಲೋನ್ ಕೇಳ್ತಾರಂತೆ. ದೀಪಾವಳಿ ಬೋನಸ್ ಬಂದ್ರೆ ಟಿವಿ ಅಂತಿದ್ರು, ಅದು ಲೋನಿಗೇ ಅಂತ ಒಪ್ಪಿಸಿದೀನಿ. ಆದ್ರೂ 1,500ರಲ್ಲಿ ಲೋನ್ ತೀರ್ಸೋದು ಕಷ್ಟ, ಎಲ್ಲಿ ಕಟ್ ಮಾಡೋದು? ಅತ್ತೆ ಮಾವನ ದುಡ್ಡು ಮುಟ್ಟಲ್ಲ.

ಡೊಂಬಿವಲಿ_ಶೆಡ್ತಿ:
ಅದು ಮುಟ್ಲೇ ಬೇಡಿ. ಊರಿನ 28,000ದಲ್ಲಿ ಉಳಿಸ್ಬಹುದು. ಹಬ್ಬದ ಹತ್ರ ಪ್ರೈವೇಟ್ ಬಸ್ಸಿನ ರೇಟು ಕೇಳುವ ಹಾಗೆ ಇರುವುದಿಲ್ಲ, ಟ್ರೈನ್ ರಿಸರ್ವೇಶನ್ ಈಗ 60 ದಿನ ಮೊದಲು ಓಪನ್ ಆಗ್ತದೆ, 2024ರ ಅಕ್ಟೋಬರ್‌ವರೆಗೆ 120 ದಿನ ಇತ್ತು. ಕ್ಯಾಲೆಂಡರಲ್ಲಿ ಈಗ್ಲೇ ಗುರುತು ಹಾಕಿ ಓಪನ್ ಆದ ಬೆಳಿಗ್ಗೆಯೇ ಮಾಡಿ, ಪುಣೆಯಿಂದ ಹುಬ್ಬಳ್ಳಿ ಮೇಲೆ ದಾವಣಗೆರೆಗೆ ಟ್ರೈನ್ ಉಂಟಲ್ಲ. ಹೆಲ್ತ್ ಪಾಲಿಸಿ ನಿಮ್ಮದೇ ಸ್ವಂತದ್ದಾದ್ರೆ 22,000 ಅಂತ ಬರೆದದ್ದು ಹಳೆ ಪ್ರೀಮಿಯಮ್ಮಾ ನೋಡಿ, 2025ರ ಸೆಪ್ಟೆಂಬರ್ 22ರಿಂದ ಮನೆಯವರು ಮಾಡುವ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಮೊದಲು 18 ಪರ್ಸೆಂಟ್ ಇತ್ತು. ಏನೇ ಆಗ್ಲಿ ಪಾಲಿಸಿ ಮಾತ್ರ ನಿಲ್ಲಿಸ್ಬೇಡಿ.

ಭೋಸರಿ_ಕಾಕಾ:
ಮೂರು ಮಂದಿಗೆ ಕಿರಾಣಿ 14,000 ಸ್ವಲ್ಪ ಹೆಚ್ಚ ಆತು ತಂಗಿ. ಹತ್ತು ನಿಮಿಷದಾಗ ಮನಿಗೆ ಬರೂ ಆ್ಯಪ್ ಒಂದು ತಿಂಗಳ ತೆಗದ್ಹಾಕು, ಕೊತ್ತಂಬ್ರಿ ತರಸಾಕ ಹೋಗಿ 400 ಬಿಲ್ ಆಗತೈತಿ. ಗೋಧಿ ಜ್ವಾಳ ಸುಗ್ಗಿಯಾಗ ತೊಗೊಂಡು ಬೇವಿನ ಎಲಿ ಹಾಕಿ ಇಡ್ರಿ, ಗಿರಣಿಗೆ ಹಾಕಿಸ್ಕೊಳ್ರಿ. ನಮ್ಮ ವಿಜಾಪುರ ಕಡಿಂದ ಮಾಲದಂಡಿ ಜ್ವಾಳ ತರಸ್ತೀವಿ ವರ್ಷಾ, ನೀವು ದಾವಣಗೆರಿಯವ್ರು ರೊಟ್ಟಿ ತಿಂತೀರಲ್ಲ?

ವಾಕಡ್_ಕನ್ನಡತಿ:
ತಿಂತೀವಿ ಕಾಕಾ, ದಿನಾ ರಾತ್ರಿ ರೊಟ್ಟಿನೇ. ಅರ್ಧ ಚೀಲ ನಮಗೂ ತರಿಸಿ, ಎಷ್ಟಾಗುತ್ತೆ ಅಂತ ಮೊದಲೇ ಹೇಳಿ, ಆ ತಿಂಗಳ ಲೆಕ್ಕಕ್ಕೆ ಸೇರಿಸ್ತೀನಿ.